ಕೆಂಪು ನನ್ನದು, ಕಪ್ಪು ಅವನದು

ಜುಲೈ 27, ಬೆಳಿಗ್ಗೆ

ಡಬ್ಬಿಯ ಮುಚ್ಚಳ ಒರೆಸಿದೆ. ಒಳಗೆ ಮತ್ತೆ ಹಬೆ. ಒದ್ದೆ ಪಾಚಿಯ ಮೇಲೆ ಮೊಟ್ಟೆಗಳು ಗಾಳಿ ಇಳಿದ ಬಲೂನಿನ ಹಾಗೆ ಕುಗ್ಗಿ ಕೂತಿವೆ. ನಿನ್ನೆ ನೋಡಿ ಅಳುವುದೊಂದು ಬಾಕಿ. ಅವನು ನಕ್ಕ. "ಒಡೆಯೋ ಮುಂಚೆ ಹಾಗೇ ಆಗುತ್ತೆ ಕಣೇ. ಹೋಗು, ಕ್ಲಿನಿಕ್‌ಗೆ ಲೇಟಾಗುತ್ತೆ."

ಅವನು ಅಂದರೆ ನನ್ನ ಗಂಡ. ಗಂಡ! ಎರಡು ತಿಂಗಳಾಯಿತು, ಈ ಪದ ಬರೆದಾಗಲೆಲ್ಲ ಪೆನ್ನೇ ನಾಚಿಕೊಳ್ಳುತ್ತದೆ. ಬೀಗದ ಅಂಗಡಿ ಇಟ್ಟಿದ್ದಾನೆ. ದಿನವಿಡೀ ಕೀಲಿಕೈ ಕೊರೆಯುತ್ತಾನೆ. ಸಂಜೆ ಬಂದವನೇ ನನ್ನ ಮುಖ ನೋಡುವ ಮೊದಲು ಹಾವಿನ ಕೋಣೆಗೆ. ಕಾರ್ನ್ ಸ್ನೇಕ್. ವಿಷ ಇಲ್ಲ, ಪಾಪದವು, ಬೆರಳಿಗೆ ಸುತ್ತಿಕೊಂಡು ಸುಮ್ಮನಿರುತ್ತವೆ. ಅವನಿಗೆ ಈ ಹುಚ್ಚು ಕಾಲೇಜಿನಿಂದ. ನನಗೆ ಎರಡು ತಿಂಗಳಿಂದ. ಅಂಟುರೋಗ.

ಅತ್ತೆ ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಹೊರಗೇ ನಿಂತು, "ನಿನ್ನ ಸವತಿಯರ ಬಾಣಂತನ ನೀನೇ ಮಾಡ್ಬೇಕಮ್ಮ, ನನ್ನ ಕೈಲಾಗಲ್ಲ" ಅಂದರು.

"ಮಾಡ್ತೀನಿ ಬಿಡಿ ಅತ್ತೆ. ನೀವು ಅಜ್ಜಿ ಆಗೋಕೆ ರೆಡಿಯಾಗಿ."

"ಥೂ! ಬಿಡ್ತು ಅನ್ನು."

ಬಿಡ್ತು ಅಂದೆ. ಆಮೇಲೆ ಇಬ್ಬರೂ ನಕ್ಕೆವು.

ಮಧ್ಯಾಹ್ನ

ಸೀಳಿದೆ!! ಒಂದು ಮೊಟ್ಟೆ! ಬ್ಲೇಡಿನಿಂದ ಗೀರಿದ ಹಾಗೆ ಗೆರೆ, ಅದರಿಂದ ಒಂದು ಪುಟ್ಟ ಮೂಗು. ಅತ್ತೆ ಫೋನ್ ಮಾಡಿ ಹೇಳಿದರು. ಅಂದರೆ ಹೊಸ್ತಿಲು ದಾಟಿದ್ದಾರೆ. ಕೇಳಿದರೆ ಒಪ್ಪುವುದಿಲ್ಲ. ಹಲ್ಲಿನ ಕ್ಲಿನಿಕ್ಕಿನಲ್ಲಿ ಪೇಷೆಂಟ್ ಬಾಯಿ ತೆರೆದು ಕೂತಿರುವಾಗಲೇ ಕುಣಿದುಬಿಟ್ಟೆ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು.

ಜುಲೈ 30

ಎಲ್ಲ ಹೊರಗೆ. ಡಜನ್ ಮರಿಗಳು. ಪೆನ್ಸಿಲ್‌ಗಿಂತ ಸಣ್ಣ. ಒಂದೊಂದಕ್ಕೂ ಒಂದೊಂದು ಪುಟ್ಟ ಡಬ್ಬಿ.

ಅವನು ಅಂಗಡಿಯಲ್ಲಿ. ಕಾಯುವಷ್ಟು ತಾಳ್ಮೆ ಯಾರಿಗಿದೆ? ದೀಪದ ಕೆಳಗೆ ಹಿಡಿದು ನಾನೇ ಬಣ್ಣ ವಿಂಗಡಿಸಿದೆ. ಪಾಠವೆಲ್ಲ ಬಾಯಿಪಾಠ. ತಾಯಿ ಅನೆರಿ, ಅಂದರೆ ಮೈಯಲ್ಲಿ ಕೆಂಪೇ ಇಲ್ಲ, ಬೂದಿ ಮತ್ತು ಕಪ್ಪು ಮಾತ್ರ. ತಂದೆ ಹೈಪೋ, ಅಂದರೆ ಕೆಂಪು ಇದೆ, ಕಪ್ಪು ಕಡಿಮೆ. ಮರಿ ನಾಲ್ಕು ಥರ ಬರಬಹುದು. ಎರಡೂ ಬಣ್ಣ ಇರುವ ನಾರ್ಮಲ್, ತಾಯಿಯಂಥ ಅನೆರಿ, ತಂದೆಯಂಥ ಹೈಪೋ. ನಾಲ್ಕನೆಯದು, ಕೆಂಪೂ ಇಲ್ಲದೆ ಕಪ್ಪೂ ತೆಳುವಾಗಿ ಹೊಗೆಯ ಹಾಗಿರುವುದು — ಘೋಸ್ಟ್.

ಅವನಿಗೆ ಬೇಕಾಗಿರುವುದು ಆ ಘೋಸ್ಟ್. ವರ್ಷ ವರ್ಷವೂ ಹುಟ್ಟುತ್ತದಂತೆ, ಮನೆಯಲ್ಲಿ ಉಳಿದಿಲ್ಲವಂತೆ. ಯಾಕೆ ಅಂದರೆ ಮಾತು ತಿರುಗಿಸಿದ.

ಆದರೆ ನನಗೆ ಸಿಕ್ಕಿದ್ದೇನು ಗೊತ್ತಾ? ಕ್ಯಾರಮೆಲ್! ಆ ನಾಲ್ಕೂ ಅಲ್ಲದ ಮೂರು ಮರಿ, ಜೇನಿನ ಬಣ್ಣ! ಯಾರೂ ಕೇಳಿರದ ಪವಾಡ! ಫೋಟೋ ತೆಗೆದು ಹಾವು ಸಾಕುವವರ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ನಾಲ್ಕು ಹೃದಯ, ಆರು ಪಟಾಕಿ.

ಸಂಜೆ

ಪೇಂಟ್ ಅಂಕಲ್ ಉತ್ತರ ಬಂತು. ಕ್ಲಬ್ಬಿನ ಹಿರಿಯ. ಪೇಂಟ್ ಅಂಗಡಿಯ ಮಾಲೀಕ. ಬಣ್ಣದ ವಿಷಯದಲ್ಲಿ ಅವರ ಮಾತೇ ಕೊನೆ.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕ್ಯಾರಮೆಲ್ ಮರಿಯಲ್ಲಿ ಇಲ್ಲಮ್ಮ ಮದುಮಗಳೇ, ನಿಮ್ಮ ಮನೆ ಬಲ್ಬಿನಲ್ಲಿದೆ."

ಇಡೀ ಗ್ರೂಪು ನಕ್ಕಿತು. ನಿಜ... ಹಳದಿ ಬಲ್ಬ್. ಡಾಕ್ಟರಮ್ಮ ದಿನಾ ಹೇಳುತ್ತಾರೆ, ಹಲ್ಲಿನ ಶೇಡ್ ಲ್ಯಾಂಪಿನ ಕೆಳಗೆ ನೋಡಬೇಡ, ಕಿಟಕಿಗೆ ಹೋಗು ಅಂತ. ಅದೇ ನನ್ನ ಕೆಲಸ! ಹೊಟ್ಟೆಪಾಡಿನ ವಿದ್ಯೆ ಮನೆಗೆ ಬರುವಷ್ಟರಲ್ಲಿ ಮರೆತುಹೋಯಿತು.

ಕೆಳಗೆ ಇನ್ನೊಂದು ಮೆಸೇಜ್. ಅವನಿಗೆ. "ಮರಿಗಳನ್ನ ಎಂದಿನ ಹಾಗೆ ತಂದುಬಿಡು, ಹುಡುಗಾ. ಹನ್ನೊಂದರ ಭಾನುವಾರ ಎಲ್ಲರ ಮುಂದೆ ಬಣ್ಣ ಹೇಳ್ತೀನಿ."

ಅಂಗಡಿಯಿಂದ ಬಂದು ಓದಿದವನ ಮುಖ ಬಿಳಿಚಿಕೊಂಡಿತು. "ಆ ಫೋಟೋ ಡಿಲೀಟ್ ಮಾಡು."

"ಮಾಡಲ್ಲ. ತಪ್ಪು ಮಾಡಿದ್ದು ನಾನು, ನಾಚಿಕೆ ಪಡೋದೂ ನಾನೇ, ನನಗೆ ಬೇಕಾದಾಗ. ಬಣ್ಣ ಹೇಳೋಕೆ ಅವರಿಗೆ ಯಾಕೆ ಕೊಡ್ಬೇಕು? ನಾವೇ ಮತ್ತೆ ನೋಡೋಣ, ಹಗಲಲ್ಲಿ."

"ನನ್ನ ಕೈಲಾಗಲ್ಲ."

"ಯಾಕಾಗಲ್ಲ? ಇಷ್ಟು ವರ್ಷ ಸಾಕಿದೀಯ—"

ಅಡುಗೆಮನೆಯಿಂದ ಅತ್ತೆಯ ದನಿ. "ಇನ್ನೂ ಹೇಳಿಲ್ವೇನೋ ಇವಳಿಗೆ?"

ಆಮೇಲೆ ಹೇಳಿದ. ನೆಲ ನೋಡಿಕೊಂಡು. ಅವನಿಗೆ ಕೆಂಪು ಕಾಣುವುದಿಲ್ಲ. ಹುಟ್ಟಿನಿಂದ. ನಾರ್ಮಲ್ ಮರಿ, ಅನೆರಿ ಮರಿ ಎರಡೂ ಅವನ ಕಣ್ಣಿಗೆ ಒಂದೇ ಮಣ್ಣು.

"ಟೊಮೇಟೊ ಹಣ್ಣೋ ಕಾಯೋ ಅಂತ ಅಮುಕಿ ಅಮುಕಿ ನೋಡ್ತಾನಲ್ಲ, ಸಂಶಯ ಬರಲಿಲ್ವಾ ನಿನಗೆ?" ಅತ್ತೆ ಕೇಳಿದರು.

ನಾನು ಅದನ್ನು ರೊಮ್ಯಾಂಟಿಕ್ ಅಂದುಕೊಂಡಿದ್ದೆ.

ಜುಲೈ 31

ಅವನ ಜೊತೆ ಮಾತು ಬಿಟ್ಟಿದ್ದೇನೆ. ಮದುವೆಗೆ ಮುಂಚೆ "ಕೆಂಪು ನಿನಗೆ ತುಂಬಾ ಒಪ್ಪುತ್ತೆ" ಅಂದಿದ್ದ. ಆ ಕೆಂಪು ಸ್ವೆಟರನ್ನು ಬೇಸಿಗೆಯಲ್ಲೂ ಹಾಕಿಕೊಂಡು ತಿರುಗಿದೆ, ಬೆವರಿಕೊಂಡು. ಅದು ಅತ್ತೆ ಹೇಳಿಕೊಟ್ಟ ಮಾತಂತೆ!

ಸಂಜೆ ತಡೆಯಲಾಗಲಿಲ್ಲ. "ನಾನು ನಿನಗೆ ಯಾವ ಬಣ್ಣ ಕಾಣ್ತೀನಿ ಹೇಳು."

ಮುಖದ ಹತ್ತಿರ ಬಗ್ಗಿದ. "ಬಣ್ಣ ಗೊತ್ತಿಲ್ಲ. ನಿನ್ನ ಎಡ ಹುಬ್ಬಿನ ತುದೀಲಿ ಒಂದೆರಡು ಕೂದಲು ಉಲ್ಟಾ ದಿಕ್ಕಿಗೆ ಹೋಗಿವೆ. ಅದು ಗೊತ್ತು."

ಕನ್ನಡಿಗೆ ಓಡಿದೆ. ಹೋಗಿವೆ! ಇಪ್ಪತ್ತಾರು ವರ್ಷದಿಂದ ಈ ಮುಖ ತೊಳೆಯುತ್ತಿದ್ದೇನೆ, ನನಗೇ ಗೊತ್ತಿರಲಿಲ್ಲ.

ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು. ಆದರೆ ಸಿಟ್ಟು ಮುಗಿದಿಲ್ಲ, ವಿಳಾಸ ಬದಲಾಗಿದೆ. ಮಿಕ್ಕದ್ದನ್ನೂ ಬಾಯಿ ಬಿಡಿಸಿದೆ. ಮೊದಲ ವರ್ಷ ಕ್ಲಬ್ಬಿನವರೊಬ್ಬರಿಗೆ ಒಂದು ಮರಿಯ ಬಣ್ಣ ತಪ್ಪು ಹೇಳಿ ಕೊಟ್ಟುಬಿಟ್ಟಿದ್ದ. ಅಂಕಲ್‌ಗೆ ಅರ್ಥವಾಯಿತು. "ನಿನ್ನ ಗುಟ್ಟು ನನ್ನ ಹತ್ತಿರ ಭದ್ರ. ಇನ್ಮೇಲೆ ಬಣ್ಣ ನಾನು ಹೇಳ್ತೀನಿ" ಅಂದರಂತೆ. ಕ್ಲಬ್ಬಿನಲ್ಲೊಂದು ಹಳೇ ಪದ್ಧತಿ: ಬಣ್ಣ ಹೇಳಿದವರಿಗೆ ಮೊದಲ ಆಯ್ಕೆ, ಇಷ್ಟವಾದ ಒಂದು ಮರಿ ಅವರದು. ಅವರು ಪ್ರತಿ ಸಲ ಆರಿಸಿದ್ದು ಘೋಸ್ಟ್. ಪ್ರತಿ ಸಲ ಇವನು "ಆಗಲಿ ಸರ್."

"ಘೋಸ್ಟೇ ಯಾಕೆ ಬೇಕು ನಿನಗೆ?"

"ಬೂದಿ ಬಣ್ಣ ಅಲ್ವಾ. ಅದು ಎಲ್ಲರಿಗೂ ಕಾಣೋ ಹಾಗೇ ನನಗೂ ಕಾಣುತ್ತೆ."

ಈ ಸಲ ಕೊಡುವುದಿಲ್ಲ. ಬರೆದಿಟ್ಟಿದ್ದೇನೆ. ಕೊಡುವುದಿಲ್ಲ.

ಆಗಸ್ಟ್ 8

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣ, ಬರೆಯುವಂಥದ್ದು ಇರಲಿಲ್ಲ. ಮರಿಗಳ ಕಣ್ಣು ಹಾಲುಗಟ್ಟಿದ ಹಾಗೆ ಮಸುಕಾದವು. ಮೊದಲ ಪೊರೆ ಬಿಡುವ ತನಕ ಬಣ್ಣ ಹೇಳುವುದೇ ತಪ್ಪು, ಮೇಲಿನ ಚರ್ಮ ಎಲ್ಲವನ್ನೂ ಮಬ್ಬಾಗಿಸುತ್ತದೆ. ನಾನು ಎರಡು ತಪ್ಪು ಒಟ್ಟಿಗೆ ಮಾಡಿದ್ದೆ, ಬಲ್ಬೂ, ಪೊರೆಯೂ. ಒಳ್ಳೇದೇ ಆಯಿತು, ಇನ್ನು ಮಾಡುವುದಕ್ಕೆ ಬೇರೆ ತಪ್ಪು ಉಳಿದಿಲ್ಲ.

ಇವತ್ತು ಕೊನೆಯದೂ ಪೊರೆ ಬಿಟ್ಟಿತು. ಬೆಳಿಗ್ಗೆ ಕಿಟಕಿಯ ಪಕ್ಕ ಬಿಳಿ ಟವೆಲ್ ಹಾಸಿ ಕೂತೆವು. ಇವನಿಗೆ ಇನ್ನೂ ಅನುಮಾನ. "ಇಬ್ಬರೂ ಅರ್ಧ ಕುರುಡರು ಕೂತು ಏನು ಮಾಡ್ತೀವಿ?"

"ಅರ್ಧ ಅರ್ಧ ಸೇರಿದ್ರೆ ಒಂದು. ಗಣಿತದಲ್ಲಿ ನಾನು ಫಸ್ಟ್ ಕ್ಲಾಸ್."

ಒಂದು ಮರಿ ಎತ್ತಿ ಕೆಂಪು ಅಂದೆ. ನಾರ್ಮಲ್ ಅಂತ ಪಕ್ಕಕ್ಕಿಡಲು ಹೋದೆ. ಅವನು ಕೈ ಹಿಡಿದ.

"ತಾಳು. ಮಚ್ಚೆ ಸುತ್ತ ಕಪ್ಪು ಅಂಚಿಲ್ಲ ಇದಕ್ಕೆ."

"ಇದೆಯಲ್ಲ."

"ಇಲ್ಲ ಕಣೇ. ಅದು ಬರೀ ನೆರಳು. ಆ ಮರಿ ನೋಡು, ಅದರ ಅಂಚು ಹೊಸ ಕೀಲಿಕೈ ಹಲ್ಲಿನ ಹಾಗೆ ಚೂಪಾಗಿದೆ. ಇದು ಸವೆದ ಕೀಲಿಕೈ."

ನನಗೆ ಎರಡೂ ಒಂದೇ. ಕಣ್ಣು ಕಿರಿದು ಮಾಡಿ ನೋಡಿದೆ, ಉಸಿರು ಹಿಡಿದು ನೋಡಿದೆ. ಆಮೇಲೆ ಕಾಣಿಸಿತು! ಅಯ್ಯೋ ದೇವರೇ, ಕೆಂಪು ನನ್ನ ಕಣ್ಣನ್ನೇ ತುಂಬಿಬಿಡುತ್ತದೆ, ಪಕ್ಕದ ಕಪ್ಪನ್ನು ನೋಡಲು ಬಿಡುವುದೇ ಇಲ್ಲ. ಅವನಿಗೆ ಆ ಅಡ್ಡಿ ಇಲ್ಲ. ಅಂಚು ಸೀದಾ ಅವನ ಕಣ್ಣಿಗೆ.

ಅಷ್ಟೇ! ಎರಡೇ ಪ್ರಶ್ನೆ. ಕೆಂಪು ಇದೆಯಾ? ನಾನು. ಕಪ್ಪು ಇದೆಯಾ? ಅವನು. ಎರಡೂ ಇದ್ದರೆ ನಾರ್ಮಲ್. ಕೆಂಪು ಮಾತ್ರ ಇದ್ದರೆ ಹೈಪೋ. ಕಪ್ಪು ಮಾತ್ರ ಇದ್ದರೆ ಅನೆರಿ.

"ಕೆಂಪು ಇದೆ."

"ಕಪ್ಪು ಇದೆ."

"ಕೆಂಪು ಇಲ್ಲ."

"ಕಪ್ಪು ಇದೆ."

ಅತ್ತೆ ಬಾಗಿಲಲ್ಲಿ. "ಏನ್ರೋ ಇದು, ಹರಾಜಾ?"

ನಾನು "ಕ್ಯಾರಮೆಲ್" ಅಂದಿದ್ದ ಮೂರರಲ್ಲಿ ಎರಡು ಅನೆರಿ. ಮೂರನೆಯದು ಅಂಗೈಯಲ್ಲಿ ಬಿಚ್ಚಿಕೊಂಡಿತು.

"ಕೆಂಪು... ಇಲ್ಲ."

ಅವನು ಮರಿಯನ್ನು ತೆಗೆದುಕೊಂಡ. ಕಿಟಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.

"ಕಪ್ಪೂ ಇಲ್ಲ."

ತಣ್ಣಗಿನ ಒಲೆಯ ಬೂದಿ, ಅದರ ಮೇಲೆ ಇನ್ನೊಂಚೂರು ಗಾಢ ಬೂದಿಯ ಮಚ್ಚೆಗಳು. ಘೋಸ್ಟ್. ಒಂದೇ ಒಂದು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಅತ್ತೆ, "ಹೆತ್ತವರಿಗೆ ಹೆಗ್ಗಣ ಮುದ್ದು" ಅಂದುಕೊಂಡು ಹೋದರು.

ಆಗಸ್ಟ್ 9

ಅಂಕಲ್ ಫೋನ್. ಸ್ಪೀಕರ್ ಹಾಕಿಸಿದೆ.

"ಪೊರೆ ಬಿಟ್ವಾ? ಹಾಗೇ ತಂದುಬಿಡು, ಡಬ್ಬಿಗೆ ಬಣ್ಣ ಬರೆದ ಚೀಟಿಗೀಟಿ ಅಂಟಿಸಬೇಡ."

"ಅಂಟಿಸಿದೀವಿ ಸರ್" ಅಂದ ಅವನು. ದನಿ ಸಣ್ಣದು. ಆದರೆ ಅಂದ!

"ಯಾರು? ನಿನ್ನ ಹೆಂಡ್ತಿನಾ? ಹ್ಹಹ್ಹ. ಕಿತ್ತುಹಾಕು. ಜನರ ಮುಂದೆ ನಿನಗೇ ಅವಮಾನ."

ಫೋನ್ ಇಟ್ಟ ಮೇಲೆ ಒಂದು ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸುತ್ತಾ ಕೂತಿದ್ದ. ನೋಡಿದೆ. ಅಂಟಿನ ಬಾಟಲಿ ತಂದು ಎದುರಿಗಿಟ್ಟೆ.

ಮತ್ತೆ ಒತ್ತಿ ಅಂಟಿಸಿದ.

ಆಗಸ್ಟ್ 11, ಭಾನುವಾರ, ಮಧ್ಯಾಹ್ನ

ಈಗಷ್ಟೇ ಮನೆಗೆ ಬಂದೆವು, ಬರೆಯಲೇಬೇಕು.

ಕ್ಲಬ್ ಸೇರುವುದು ಪೇಂಟ್ ಅಂಗಡಿಯ ಗೋಡೌನಿನಲ್ಲಿ. ಥಿನ್ನರ್ ವಾಸನೆ, ಗೋಡೆಯ ತುಂಬ ಶೇಡ್ ಕಾರ್ಡು, ಮೇಜಿನ ಮೇಲೆ ಟ್ಯೂಬ್‌ಲೈಟ್. ಒಂದು ಇಪ್ಪತ್ತು ಜನ. ನಮ್ಮ ಡಬ್ಬಿಗಳನ್ನು ಸಾಲಾಗಿ ಜೋಡಿಸಿದೆವು, ಚೀಟಿ ಸಮೇತ.

ಅಂಕಲ್ ಒಂದೊಂದೇ ಎತ್ತಿದರು. ಹೂಂ. ಹೂಂ. ಹೂಂ. ಐದಾರು ಆದ ಮೇಲೆ ಹೂಂಕಾರ ನಿಂತಿತು. ತಪ್ಪು ಸಿಗುತ್ತಿಲ್ಲ! ಕೊನೆಗೆ ಒಂದು ಹೈಪೋ ಎತ್ತಿ, "ಇದು ನಾರ್ಮಲ್. ಮಗು ಕೂಡ ಹೇಳುತ್ತೆ" ಅಂದರು.

ಯಾರೋ ಕಿಸಕ್ಕೆಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವನೇ ಡಬ್ಬಿ ತೆಗೆದುಕೊಂಡು ಬಾಗಿಲ ಬಿಸಿಲಿಗೆ ನಡೆದ. "ಇಲ್ಲಿ ನೋಡಿ ಸರ್. ಮಚ್ಚೆಗೆ ಅಂಚಿಲ್ಲ. ಪಕ್ಕದ ನಾರ್ಮಲ್‌ಗೆ ಇದೆ."

ಕ್ಲಬ್ಬಿನವರಲ್ಲೊಬ್ಬ, ಬೇಕರಿಯವನು, ಭೂತಗನ್ನಡಿ ಹಿಡಿದು ಬಗ್ಗಿದ. "ಹೌದಲ್ಲ ಅಂಕಲ್. ಇಲ್ಲ ಇದಕ್ಕೆ."

ಅಂಕಲ್ ಮುಖ ಕೆಂಪಾಯಿತು. (ನಮ್ಮಿಬ್ಬರಲ್ಲಿ ಅದನ್ನು ನಾನೊಬ್ಬಳೇ ನೋಡಬಲ್ಲೆ. ಸಂಜೆ ಇವನಿಗೆ ವರ್ಣಿಸಿ ಹೇಳಬೇಕು.) ಇವನ ಹತ್ತಿರ ಬಂದು ತಣ್ಣಗೆ, "ಬಣ್ಣದ ಪಾಠ ನೀನು ಹೇಳ್ತೀಯೇನಯ್ಯಾ? ನೀನು? ಹೇಳ್ಲಾ ಎಲ್ಲರ ಮುಂದೆ?"

ಇವನು ಡಬ್ಬಿ ಹಿಡಿದುಕೊಂಡು ನಿಂತಿದ್ದ. ಈಗ ಅನ್ನುತ್ತಾನೆ, ಆಗಲಿ ಸರ್ ಅಂತ...

"ನಾನೇ ಹೇಳ್ತೀನಿ ಸರ್" ಅಂದ. ಎಲ್ಲರ ಕಡೆ ತಿರುಗಿದ. "ನನಗೆ ಕೆಂಪು ಕಾಣಲ್ಲ. ಹುಟ್ಟಿದಾಗಿಂದ. ಇಷ್ಟು ವರ್ಷ ಸರ್ ನೋಡಿ ಹೇಳಿದ್ರು. ಈ ಸಲ ಕೆಂಪು ಇವಳು ನೋಡಿದ್ಳು, ಕಪ್ಪು ನಾನು ನೋಡ್ದೆ."

ಯಾರೂ ನಗಲಿಲ್ಲ! ಬೇಕರಿಯವನು, "ಅಷ್ಟೇನಾ? ನಾನೇನೋ ಜೈಲಿಗೆ ಹೋಗಿದ್ದೆ ಅಂತೀಯ ಅಂದ್ಕೊಂಡೆ" ಅಂದ. ಆಗ ನಕ್ಕರು. ಬೇರೆ ಥರದ ನಗು.

ಅಂಕಲ್ ಬಿಡುವವರಲ್ಲ. "ಆಯ್ತು. ಪದ್ಧತಿ ಪದ್ಧತಿಯೇ" ಅನ್ನುತ್ತಾ ಘೋಸ್ಟ್ ಡಬ್ಬಿಗೆ ಕೈ ಹಾಕಿದರು.

ಮುಚ್ಚಳದ ಮೇಲೆ ನನ್ನ ಕೈ ಇಟ್ಟೆ. "ಹೌದು ಅಂಕಲ್. ಬಣ್ಣ ಹೇಳಿದವರಿಗೆ ಮೊದಲ ಆಯ್ಕೆ. ಹೇಳಿದ್ದು ನಾವು. ಇದನ್ನ ಆರಿಸಿದ್ವಿ."

"ಮನೇಲಿ ಹೇಳಿದ್ದು ಲೆಕ್ಕಕ್ಕಿಲ್ಲ."

"ಹಾಗಂತ ಯಾರು ಹೇಳಿದ್ದು? ಹೈಪೋ ಯಾವುದು, ನಾರ್ಮಲ್ ಯಾವುದು ಅಂತ ಹೇಳಿದವರೇನಾ?"

(ಇದು ಸ್ವಲ್ಪ ಜಾಸ್ತಿಯಾಯಿತು. ಆಗಲಿ.)

"ನಾಳೆಯಿಂದ ಹಾವಿಗೆ ಹಾಕೋ ಇಲಿ ಎಲ್ಲಿಂದ ತರ್ತೀರಿ? ಇಡೀ ಊರಿಗೆ ಕೊಡೋನು ನಾನೊಬ್ಬನೇ."

"ನಾವೇ ಸಾಕ್ತೀವಿ. ನಮ್ಮತ್ತೆಗೆ ಇನ್ನೂ ಹೇಳಿಲ್ಲ, ಅಷ್ಟೇ."

ಡಬ್ಬಿಗಳನ್ನು ಬ್ಯಾಗಿಗೆ ತುಂಬಿದೆವು. ಹಿಂದಿನಿಂದ ಅಂಕಲ್, "ಸಂಜೆ ಮನೆಗೇ ಬರ್ತೀನಿ ಹುಡುಗಾ. ನಿನ್ನ ಹೆಂಡ್ತಿ ಬಾಯನ್ನಲ್ಲ, ನಿನ್ನ ಕೈಯನ್ನ ಕೇಳ್ತೀನಿ. ನೀನೇ ಎತ್ತಿ ಕೊಡ್ತೀಯ, ನೋಡು" ಅಂದರು.

ದಾರಿಯುದ್ದಕ್ಕೂ ಇವನು ಬ್ಯಾಗು ಕೆಳಗಿಡಲಿಲ್ಲ.

ಸಂಜೆ

ಗ್ರೂಪಿನಿಂದ ಇಬ್ಬರನ್ನೂ ತೆಗೆದುಹಾಕಿದ್ದಾರೆ. ಫೋನು ಇಷ್ಟು ಮೌನವಾಗಿರುವುದು ಮದುವೆಯ ನಂತರ ಇದೇ ಮೊದಲು. ಸುಖವಾಗಿದೆ.

ಇಲಿಯ ವಿಷಯ ಅತ್ತೆಗೆ ಹೇಳಿದೆ. ಸೌಟು ಕೆಳಗಿಟ್ಟರು. "ಮಹಡಿ ಮೇಲೆ. ಕೆಳಗೆ ಒಂದು ಬಾಲ ಕಂಡ್ರೂ ನೀನು ತವರಿಗೆ, ಅವನೂ ನಿನ್ನ ತವರಿಗೆ." ಅಂದರೆ ಒಪ್ಪಿಗೆ!

ಅವನು ಕುರ್ಚಿಯಲ್ಲಿದ್ದಾನೆ. ಬೂದಿ ಮರಿ ಅವನ ಬೆರಳುಗಳ ಸಂದಿಯಲ್ಲಿ ನೂಲು ಪೋಣಿಸಿದ ಹಾಗೆ ಓಡಾಡುತ್ತಿದೆ. ಕೊಟ್ಟುಬಿಡುತ್ತಾನಾ? ಕೇಳಬಾರದು ಅಂದುಕೊಂಡಿದ್ದೇನೆ. ಕೇಳುವುದಿಲ್ಲ. ಜಗಳ ನನ್ನದಾಗಿದ್ದರೆ ಗೆದ್ದಾಗಿತ್ತು. ಇದು ಅವನದು.

ಹೊರಗೆ ಸ್ಕೂಟರ್ ನಿಂತ ಸದ್ದು. ಅಂಕಲ್‌ದೇ. ಬರಲಿ. ಬಾಗಿಲು ನಾನೇ ತೆಗೆಯು—

ಇಲ್ಲ, ಅವನೇ ಎದ್ದ. ಮರಿಯನ್ನು ಡಬ್ಬಿಗೆ ಹಾಕಲಿಲ್ಲ. ಕೈಗೆ ಸುತ್ತಿಕೊಂಡೇ ಹೊರಟಿದ್ದಾನೆ. ಚಿಲಕ ತೆಗೆದ. "ಬನ್ನಿ ಸರ್, ಕೂತ್ಕೊಳ್ಳಿ. ಟೀ ಕುಡಿಯಿರಿ. ಮರಿ ಮಾತ್ರ—"