ಮೂರನೇ ಸಾಲಿನ ಉಸಿರು

ಅಟ್ಟೂರು
11 ಜನವರಿ 2026, ಭಾನುವಾರ

ಪ್ರೀತಿಯ ಖುರ್ಷೀದಕ್ಕ,

ಸಲಾಮು, ನಮಸ್ಕಾರ, ಜೊತೆಗೆ ಒಂದಿಷ್ಟು ಜಗಳ. ಮೂರನ್ನೂ ಒಟ್ಟಿಗೇ ತೆಗೆದುಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ಮಾತಾಡಬೇಕು, ಮಾತಾಡಿದರೆ ಗಂಟಲಿನ ಆಪರೇಷನ್ ಆದ ಮೇಲಿನ ನಿನ್ನ ಒರಟು ದನಿ ನನಗೆ ಕೇಳಿಸಿಬಿಡುತ್ತದೆ ಎಂಬ ಭಯ ನಿನಗೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದಕ್ಕೆ ನೀನು ಬಾಯಿ ತೆರೆಯಬೇಕಾಗಿಲ್ಲ, ಓದಿದರೆ ಸಾಕು. ಅಕ್ಷರ ನೋಡಿ ಬೈಯಬೇಡ. ದಿನವಿಡೀ ಯಲಹಂಕದಿಂದ ಶಿವಾಜಿನಗರದವರೆಗೆ ಟಿಕೆಟ್ ಮಷೀನಿನ ಗುಂಡಿ ಒತ್ತುವ ಬೆರಳುಗಳಿಗೆ ಪೆನ್ನು ಹಿಡಿಯುವುದೇ ಮರೆತುಹೋಗಿದೆ.

ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ನೀನು ಹಾಕಿದ ಕೊನೆಯ ಮೆಸೇಜನ್ನು ಎಷ್ಟು ಸಲ ಓದಿದೆನೋ. ‘ಈ ಸಲವೂ ಬರಕ್ಕಾಗಲ್ಲ. ಇನ್ಮೇಲೆ ಹಾಡಕ್ಕೂ ಆಗಲ್ಲ. ನನ್ನ ಜಾಗ ಬೇರೆಯವರಿಗೆ ಕೊಡಿ.’ ಇಷ್ಟು ಬರೆದು ಗುಂಪಿನಿಂದಲೇ ಎದ್ದು ಹೋದೆ. ಜಾಗ ಬೇರೆಯವರಿಗೆ ಕೊಡುವುದಂತೆ! ಅದೇನು ಬಸ್ಸಿನ ಸೀಟೇ? ನಮ್ಮ ತಂಡದಲ್ಲಿ ಬಾರದವರ ಜಾಗವನ್ನು ಖಾಲಿ ಬಿಡುತ್ತೇವೆಯೇ ಹೊರತು ಯಾರಿಗೂ ಕೊಡುವುದಿಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಹೋದ ವರ್ಷ ವಾರ್ಷಿಕೋತ್ಸವದಲ್ಲಿ ಎರಡನೇ ಸಾಲು ಮುಗಿದು ನಿನ್ನ ಸಾಲು ಬಂದಾಗ ಆ ಖಾಲಿ ಜಾಗ ನೋಡಿ ನನಗೆ ಅಳು ಬಂತು. ಹೇಗೋ ಹಿಂದಿನಿಂದ ನಾನೇ ಎತ್ತಿಕೊಂಡೆ. ಈ ಸಲ ಇದೇ 24ಕ್ಕೆ, ಶನಿವಾರ. ನೀನು ಬರಲೇಬೇಕು. ಕಾಗದದ ವಿಷಯ ಇಷ್ಟೇ, ಉಳಿದದ್ದೆಲ್ಲ ನಿನ್ನನ್ನು ಒಪ್ಪಿಸುವ ನನ್ನ ಸಾಹಸ.

ಮೊನ್ನೆ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅಲುಗಾಡದೆ ನಿಂತಿತ್ತು. ನಾನು ಗುನುಗುತ್ತಿದ್ದುದನ್ನು ಕೇಳಿ ಮುಂದಿನ ಸೀಟಿನ ಹೆಂಗಸೊಬ್ಬರು ಯಾವ ಹಾಡಮ್ಮ ಅಂದರು. ಪುರುಸೊತ್ತಿತ್ತಲ್ಲ, ಮೊದಲಿನಿಂದ ಹೇಳಿದೆ. ಗದಗದ ಕಡೆಯಿಂದ ರತ್ನವ್ವ ಟೀಚರ್ ನಮ್ಮ ಹೈಸ್ಕೂಲಿಗೆ ಬಂದದ್ದು, ಏಳು ಸಾಲಿನ ಒಂದು ಹಾಡು ಕಟ್ಟಿದ್ದು, ಅದನ್ನು ಯಾರೂ ಬರೆದಿಟ್ಟುಕೊಳ್ಳಬಾರದು ಅಂದದ್ದು. ಒಂದೊಂದು ಸಾಲು ಒಬ್ಬೊಬ್ಬರ ಪಾಲಿಗೆ. ಹತ್ತನೇ ಕ್ಲಾಸು ಮುಗಿಸಿ ಹೋಗುವ ಮುಂಚೆ ತನ್ನ ಸಾಲನ್ನು ಎಂಟನೇ ಕ್ಲಾಸಿನವರಿಗೆ ಬಾಯಿಂದಲೇ ಕಲಿಸಿ ಟೀಚರ್ ಮುಂದೆ ಒಪ್ಪಿಸಬೇಕು. ವಾರ್ಷಿಕೋತ್ಸವದಲ್ಲಿ ಪ್ರತಿ ಸಾಲನ್ನೂ ಅದರ ಅತಿ ಹಿರಿಯರು ಎತ್ತಿಕೊಡಬೇಕು. ಅವರ ಹಿಂದೆ ಅವರಿಂದ ಕಲಿತವರು, ಅವರ ಹಿಂದೆ ಇವರಿಂದ ಕಲಿತವರು, ಕೊನೆಗೆ ಈಗಿನ ಮಕ್ಕಳು ದನಿ ಸೇರಿಸಬೇಕು. ಆ ಹೆಂಗಸು ಕೇಳಿ, ‘ನಮ್ಮನೇಲಿ ಮುತ್ತಾತನ ಹೆಸ್ರೇ ಯಾರಿಗೂ ಗೊತ್ತಿಲ್ಲ ಕಣಮ್ಮ, ನೀವು ಒಂದ್ ಹಾಡು ಕಲಿಸ್ದೋರನ್ನೆಲ್ಲ ನೆನಪಿಟ್ಕೊಂಡಿದೀರಲ್ಲ’ ಅಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವರ ಸ್ಟಾಪು ಬಂದದ್ದನ್ನು ಕೂಗುವುದೇ ಮರೆತೆ. ಪಾಪ, ಮುಂದಿನ ಸ್ಟಾಪಿನಿಂದ ನಡೆದುಕೊಂಡು ಹೋದರು.

ಇವತ್ತು ಬೆಳಿಗ್ಗೆ ಶಾಲೆಯಲ್ಲಿ ತಾಲೀಮು ಇತ್ತು. ಮೊದಲನೇ ಸಾಲಿನ ಮುನಿಯಲ್ಲಪ್ಪ ರಾಜಾನುಕುಂಟೆಯಿಂದ ದೊಡ್ಡ ಕಾರಿನಲ್ಲಿ ಬಂದ. ಲೇಔಟಿನ ಮೇಲೆ ಲೇಔಟು ಮಾಡಿದ ಮನುಷ್ಯ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿ ತುರುಕಿಕೊಂಡು ಕೂತು, ರತ್ನವ್ವ ಟೀಚರ್ ಒಳಗೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತ. ಅವನನ್ನು ನೋಡಿದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ. ನಮ್ಮ ಜೊತೆ ಹಾಡುತ್ತಿದ್ದ ವಿಜಯ್ ಕುಮಾರ್ ಈಗ ಅಲ್ಲೇ ಮೇಷ್ಟ್ರು, ತಂಡದ ಜವಾಬ್ದಾರಿಯೂ ಅವನದೇ. ಸ್ಟಾಫ್ ರೂಮಿನ ಬೀರುವಿನಲ್ಲಿ ಅವನಿಗೆ 1995ರ ಕ್ಯಾಸೆಟ್ ಒಂದು ಸಿಕ್ಕಿದೆ. ಎಲ್ಲಿಂದಲೋ ಟೇಪ್ ರೆಕಾರ್ಡರ್ ತಂದು ಅದನ್ನು ಹಾಕಿದ.

ಅಕ್ಕ, ಅದರಲ್ಲಿ ನೀನು! ಹದಿನಾಲ್ಕು ವರ್ಷದ ನೀನು! ‘ಮೂಡಣ ಗಾಳಿಯೆ, ಕೆರೆಯನು ದಾಟುತ ನಮ್ಮಯ ಅಂಗಳದೊಳಗೂ ಬಾ.’ (ಬರೆಯಬಾರದ ಸಾಲನ್ನು ಬರೆದುಬಿಟ್ಟೆ, ಟೀಚರಿಗೆ ಹೇಳಬೇಡ.) ಇಡೀ ಸಾಲು ಒಂದೇ ಉಸಿರಿನಲ್ಲಿ. ‘ಒಳಗೂ’ ಎಂಬಲ್ಲಿ ಅಷ್ಟು ಉದ್ದ ಎಳೆದ ಮೇಲೂ ‘ಬಾ’ ಎನ್ನುವುದಕ್ಕೆ ನಿನ್ನಲ್ಲಿ ಉಸಿರು ಮಿಕ್ಕಿದೆ. ಮುನಿಯಲ್ಲಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

ಆಮೇಲೆ ಈಗಿನ ಮಕ್ಕಳು ಹಾಡಿದರು. ಮೂರನೇ ಸಾಲಿಗೆ ಮಾತ್ರ ಇಬ್ಬರು ಹುಡುಗಿಯರು ನಿಲ್ಲುತ್ತಾರಲ್ಲ, ಸಾಲು ಉದ್ದ ಅನ್ನುವ ಕಾರಣಕ್ಕೆ ಎಂದು ನಾವೆಲ್ಲ ಅಂದುಕೊಂಡಿದ್ದೇವಲ್ಲ, ಹಾಗೇ ನಿಂತಿದ್ದರು. ‘ಅಂಗಳದೊಳಗೂ’ ಆದ ಮೇಲೆ ಒಬ್ಬಳು ಉಸಿರು ತೆಗೆದುಕೊಂಡಳು, ಅಷ್ಟು ಹೊತ್ತು ಜೊತೆಯವಳು ದನಿ ಹಿಡಿದಿದ್ದಳು, ಕೊನೆಗೆ ಇಬ್ಬರೂ ಸೇರಿ ‘ಬಾ’ ಅಂದರು. ವಿಜಯ್ ಕುಮಾರ್ ಹುಬ್ಬು ಗಂಟಿಕ್ಕಿದ. ‘ಕ್ಯಾಸೆಟ್ಟಲ್ಲಿ ಇಲ್ಲಿ ಉಸಿರೇ ಇಲ್ವಲ್ರೀ? ಇಷ್ಟ್ ವರ್ಷ ತಪ್ಪು ಹಾಡ್ತಿದೀವಾ? ಯಾರಿಂದ ಶುರುವಾಯ್ತಿದು?’ ಅಂದ.

ವಿಚಾರಣೆ ಶುರುವಾಯಿತು ನೋಡು. ಈಗಿನ ಹುಡುಗಿ ತನಗೆ ಕಲಿಸಿದ ಅಕ್ಕನನ್ನು ತೋರಿಸಿದಳು. ಆ ಅಕ್ಕ ತನ್ನ ಅಕ್ಕನನ್ನು ತೋರಿಸಿದಳು. ಹೀಗೆ ಹಿಂದಕ್ಕೆ ಹಿಂದಕ್ಕೆ ಬಂದು, ನನ್ನಿಂದ ಸಾಲು ಪಡೆದ ನಯನಾ ಹತ್ತಿರ ನಿಂತಿತು. ಅವಳು ನನ್ನನ್ನು ನೋಡಿದಳು. ಎಲ್ಲರೂ ನನ್ನನ್ನೇ ನೋಡಿದರು. ದಿನವೂ ತುಂಬಿದ ಬಸ್ಸಿನಲ್ಲಿ ಗಂಟಲು ಹರಿಯುವಂತೆ ಕೂಗುವವಳು ಮೆಲ್ಲಗೆ, ‘ನಂಗೆ ಕಲಿಸಿದ್ದೇ ಹಂಗೆ’ ಅಂದುಬಿಟ್ಟೆ. ಈಗಷ್ಟೇ ನಿನ್ನ ದನಿ ಕೇಳಿ ಕೂತವರ ಮುಂದೆ, ನಿನ್ನ ಮೇಲೆಯೇ ಹೊರಿಸಿದೆ! ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ನಿಜ ಏನೆಂಬುದು ನಿನಗೆ ಗೊತ್ತು. ಎಂಟನೇ ಕ್ಲಾಸಿನಲ್ಲಿ ನನಗೆ ಉಬ್ಬಸ. ಆ ಎಳೆತ ಮುಗಿಸುವಷ್ಟರಲ್ಲಿ ಎದೆ ಸುಂಯ್‌ಗುಡುತ್ತಿತ್ತು. ತಾಲೀಮಿನಲ್ಲಿ ನಾನು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನೀನು ದನಿ ಹಿಡಿದು ನಿಲ್ಲುತ್ತಿದ್ದೆ. ಬೇರೆಯವರಾಗಿದ್ದರೆ ಇವಳು ಬೇಡ, ಇನ್ನೊಬ್ಬಳನ್ನು ಕೊಡಿ ಎಂದು ಟೀಚರ್ ಹತ್ತಿರ ಹೋಗುತ್ತಿದ್ದರು. ನೀನು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಒಪ್ಪಿಸುವ ದಿನ ಕಲಿಸಿದವರು ಬಾಯಿ ತೆರೆಯುವಂತಿಲ್ಲ. ಟೀಚರ್ ಕಣ್ಣು ಮುಚ್ಚಿ ಕೂತಿದ್ದರು. ನಾನು ‘ಅಂಗಳದೊಳಗೂ’ ಎಂದು ನಿಲ್ಲಿಸಿಬಿಟ್ಟೆ. ತಕ್ಷಣ ಬೆನ್ನ ಹಿಂದಿನಿಂದ ನಿನ್ನ ದನಿ ಮೆಲ್ಲಗೆ ಬಂತು. ಟೀಚರ್ ಕಣ್ಣು ತೆರೆದು ‘ಪಾಸು’ ಅಂದರು. ನಾವಿಬ್ಬರೂ ಕೆರೆ ಏರಿಯವರೆಗೂ ನಿಲ್ಲದೆ ಓಡಿದೆವು. ನಾನು ನಯನಾಗೆ ಕಲಿಸುವಾಗ ಆ ಉಸಿರನ್ನೂ ಸೇರಿಸಿಯೇ ಕಲಿಸಿದೆ.

ಇವತ್ತು ನನ್ನ ಸುಳ್ಳು ಕೇಳಿ ರತ್ನವ್ವ ಟೀಚರ್ ನಕ್ಕರು. ‘ಸುಳ್ಳ ಹೇಳಬ್ಯಾಡ ಸಂಯುಕ್ತಾ. ಅವತ್ತ ನಾ ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ. ಇಬ್ಬರ ದನಿ ಕೇಳಿಸ್ತು ನನಗ’ ಅಂದರು. ನಿಯಮ ಮುರಿದಿರಿ ಎಂದು ಬೈಯಬೇಕು ಅಂದುಕೊಂಡರಂತೆ, ಆದರೆ ಒಬ್ಬಳು ನಿಂತಲ್ಲಿ ಇನ್ನೊಬ್ಬಳು ಹಿಡಿದದ್ದು ಅವರಿಗೆ ಹಾಡಿಗಿಂತ ಚೆನ್ನಾಗಿ ಕಂಡಿತಂತೆ. ಅದಕ್ಕೇ ಮರುವರ್ಷದಿಂದ ಮೂರನೇ ಸಾಲಿಗೆ ಇಬ್ಬರನ್ನು ನಿಲ್ಲಿಸಿದರು. ಮೂವತ್ತು ವರ್ಷ ಯಾರಿಗೂ ಕಾರಣ ಹೇಳಲಿಲ್ಲ. ಎಂಥ ಹೆಂಗಸು ಅಕ್ಕ ಅವರು! ‘ಆ ಉಸಿರು ತೆಗೀಬ್ಯಾಡ ವಿಜಯ್’ ಅಂದರು. ಅವನು ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡ. ನಾನು ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಅಷ್ಟಾದ ಮೇಲೆ ಟೀಚರ್ ಸುತ್ತ ನೋಡಿ ಕೇಳಿದರು, ‘ಖುರ್ಷೀದ್ ಎಲ್ಲಿ?’

ಏನು ಹೇಳಲಿ ಅವರಿಗೆ? ನಿನ್ನ ದನಿ ಮೊದಲಿನಂತಿಲ್ಲ, ಒಂದೇ ಉಸಿರಿನಲ್ಲಿ ಹಾಡಲಾಗದ ಮೇಲೆ ಆ ಜಾಗದಲ್ಲಿ ನಿಲ್ಲುವ ಯೋಗ್ಯತೆ ನಿನಗಿಲ್ಲ ಎಂದು ನೀನು ತೀರ್ಮಾನಿಸಿದ್ದೀಯ ಎಂದೇ? ಹಾಗಾದರೆ ನನ್ನಿಂದ ಹಿಡಿದು ಈಗಿನ ಹುಡುಗಿಯವರೆಗೆ ನಮ್ಮಲ್ಲಿ ಯಾರಿಗಿದೆ ಯೋಗ್ಯತೆ? ನಾವೆಲ್ಲ ನಡುವೆ ನಿಂತು ಉಸಿರು ತೆಗೆದುಕೊಂಡು ಹಾಡಿದವರೇ. ಒಂದು ಸಾಲಿಗೆ ನಾಲ್ಕು ಸಲ ನಿಲ್ಲಬೇಕಾದರೆ ನಾಲ್ಕು ಸಲ ನಿಲ್ಲು. ದನಿ ಒಡೆದರೆ ಒಡೆಯಲಿ. ‘ಮೂಡಣ’ ಅಂತ ಒಂದು ಪದ ಎತ್ತಿಕೊಡು ಸಾಕು. ನಿನ್ನ ಬೆನ್ನ ಹಿಂದೆ ನಾನಿರುತ್ತೇನೆ, ನನ್ನ ಹಿಂದೆ ನಯನಾ, ಅವಳ ಹಿಂದೆ ನಿನ್ನ ಹೆಸರು ಮಾತ್ರ ಕೇಳಿ ಗೊತ್ತಿರುವ ಅಷ್ಟೊಂದು ಹುಡುಗಿಯರು. ನಿನಗೆ ಉಸಿರು ಬೇಕಾದಲ್ಲೆಲ್ಲ ನಾವು ಹಿಡಿಯುತ್ತೇವೆ. ಅದನ್ನು ನಮಗೆ ಕಲಿಸಿದವಳೇ ನೀನು.

24ಕ್ಕೆ ರಜೆ ಹಾಕಿದ್ದೇನೆ. ಮಧ್ಯಾಹ್ನ ಮೂರಕ್ಕೆ ಆರ್.ಟಿ. ನಗರದ ನಿನ್ನ ಮನೆ ಬಾಗಿಲಲ್ಲಿ ಇರುತ್ತೇನೆ. ದಾರಿಯುದ್ದಕ್ಕೂ ನೀನು ಮಾತಾಡಬೇಕಾಗಿಲ್ಲ, ಆ ಕೆಲಸ ನನಗೆ ಬಿಡು. ತಯಾರಾಗಿ ನಿಂತಿರು.

ಇಂತಿ ನಿನ್ನ ಸಾಲಿನವಳು,
ಸಂಯುಕ್ತಾ

ತಾ.ಕ.: ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ ಎಂದೆನಲ್ಲ, ಪೂರ್ತಿ ಒಪ್ಪಿಕೊಂಡಿಲ್ಲ. ಒಪ್ಪಿಸುವ ದಿನ ನನಗೆ ಉಬ್ಬಸ ಇರಲಿಲ್ಲ ಅಕ್ಕ. ಆ ವಾರವೆಲ್ಲ ಚೆನ್ನಾಗಿದ್ದೆ. ಹಿಂದಿನ ಸಂಜೆ ತಾರಸಿಯ ಮೇಲೆ ಇಡೀ ಸಾಲನ್ನು ಒಂದೇ ಉಸಿರಿನಲ್ಲಿ ಮೂರು ಸಲ ಹಾಡಿ ನೋಡಿಕೊಂಡಿದ್ದೆ. ಆದರೆ ಹತ್ತನೇ ಕ್ಲಾಸು ಮುಗಿಸಿ ಮಾರನೇ ದಿನದಿಂದ ನೀನು ಶಾಲೆಗೆ ಬರುವುದಿಲ್ಲ ಎಂದು ಗೊತ್ತಿತ್ತು. ನಾನು ನಿಲ್ಲಿಸಿದರೆ ನಿನ್ನ ದನಿ ಬಂದೇ ಬರುತ್ತದೆ ಎಂದೂ ಗೊತ್ತಿತ್ತು. ಅದಕ್ಕೇ ನಿಲ್ಲಿಸಿದೆ. 24ರಂದು ನೀನು ಬರದಿದ್ದರೂ ಅಲ್ಲೇ ನಿಲ್ಲಿಸುತ್ತೇನೆ, ಬೇರೆ ಯಾರಿಗೂ ದನಿ ಹಿಡಿಯಲು ಬಿಡುವುದಿಲ್ಲ.