ತಿರುವಿನ ಮನೆಯ ಹಳದಿ ಕಿಟಕಿ

ಪ್ರೀತಿಯ ಅಪ್ಪನಿಗೆ,

ಈ ಕಾಗದವನ್ನು ಅಮ್ಮ ನಿಮಗೆ ಓದಿ ಹೇಳುತ್ತಾಳೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಮ್ಮಾ, ಮೊದಲೇ ಹೇಳಿಬಿಡುತ್ತೇನೆ, ಒಂದು ಸಾಲನ್ನೂ ನುಂಗಬೇಡ. ಇಲ್ಲಿ ಅಪ್ಪನಿಗೆ ಬೇಜಾರಾಗಬಹುದು ಎಂದು ನಿನಗೆ ಅನ್ನಿಸಿದ ಕಡೆ ಇನ್ನಷ್ಟು ನಿಧಾನವಾಗಿ ಓದು. ಫೋನಿನಲ್ಲೇ ಹೇಳಬಹುದಿತ್ತು ಅಪ್ಪ. ಆದರೆ ಫೋನ್ ಮಾಡಿದರೆ ನೀವು ‘ಹೂಂ’ ಎನ್ನುತ್ತೀರಿ, ನಾನು ‘ಮತ್ತೆ?’ ಎನ್ನುತ್ತೇನೆ, ನೀವು ‘ಅಷ್ಟೇ’ ಎಂದು ಅಮ್ಮನ ಕೈಗೆ ದಾಟಿಸುತ್ತೀರಿ. ಕಾಗದದಲ್ಲಿ ಆ ಸೌಲಭ್ಯ ಇಲ್ಲ. ಕೊನೆಯವರೆಗೆ ಕೇಳಲೇಬೇಕು.

ಕಳೆದ ಭಾನುವಾರ ಒಂದು ಕಡೆ ಹೋಗಿ ಬಂದೆ. ಎಲ್ಲಿಗೆ ಎಂದರೆ, ಆ ಹಳೆಯ ಕಾರ್ ರೇಸ್ ವಿಡಿಯೋ ಗೇಮಿನ ಒಳಕ್ಕೆ. ನಾನು ಆರನೇ ಕ್ಲಾಸ್ ಮುಗಿಸಿದ ರಜೆಯಲ್ಲಿ ಸೋದರಮಾವ ಒಂದು ಬೂದು ಬಣ್ಣದ ಡಬ್ಬ ತಂದುಕೊಟ್ಟಿದ್ದನಲ್ಲ, ಟೀವಿಗೆ ಸಿಕ್ಕಿಸಿದರೆ ಪ್ರಾಣಿಗಳೆಲ್ಲ ಪುಟ್ಟ ಪುಟ್ಟ ಕಾರು ಹತ್ತಿ ಬರುತ್ತಿದ್ದವಲ್ಲ, ಅದೇ ಆಟ. ಕನ್ನಡಕದ ಹಂದಿ, ಟೋಪಿ ಹಾಕಿದ ಬಾತುಕೋಳಿ, ಸದಾ ಮುಖ ಗಂಟು ಹಾಕಿಕೊಂಡ ಮುಳ್ಳುಹಂದಿ. ಒಬ್ಬರ ಚಕ್ರದಡಿಗೆ ಇನ್ನೊಬ್ಬರು ಸೋಪು ಎಸೆಯುವುದು, ಹಿಂದಿನವರ ಮೇಲೆ ಕುಂಬಳಕಾಯಿ ಉರುಳಿಸುವುದು. ನಾನು ಯಾವಾಗಲೂ ಮುಳ್ಳುಹಂದಿಯನ್ನೇ ಆರಿಸಿಕೊಳ್ಳುತ್ತಿದ್ದೆ. ‘ಇವಳಿಗೆ ವೇಷ ಹಾಕೋ ಖರ್ಚೂ ಇಲ್ಲ’ ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದಳು.

ನೀವು ಒಂದು ದಿನವೂ ಜಾಯ್‌ಸ್ಟಿಕ್ ಮುಟ್ಟಲಿಲ್ಲ. ಅಂಗಡಿ ಬೋರ್ಡುಗಳನ್ನು ಬರೆಯುವ ಕೆಲಸ ಮುಗಿಸಿ ಬಂದು, ನನ್ನ ಹಿಂದೆ ಮೂರು ಕಾಲಿನ ಸ್ಟೂಲು ಹಾಕಿಕೊಂಡು, ಸೀಮೆಎಣ್ಣೆಯ ಡಬ್ಬಿಯಲ್ಲಿ ಬ್ರಷ್ಷುಗಳನ್ನು ಅದ್ದಿ ತೊಳೆಯುತ್ತಾ ಕೂರುತ್ತಿದ್ದಿರಿ. ನಾನು ರೇಸ್ ನೋಡುತ್ತಿದ್ದರೆ ನೀವು ನೋಡುತ್ತಿದ್ದುದು ಚಿತ್ರವನ್ನು. ‘ಮೂರೇ ಬಣ್ಣದಲ್ಲಿ ಸಂಜೆ ಮಾಡಿಟ್ಟಿದಾನಲ್ಲ ಪುಣ್ಯಾತ್ಮ’ ಎನ್ನುತ್ತಿದ್ದಿರಿ. ‘ಆ ಸೇತುವೆ ಕೆಳಗೆ ನೀರು ಹರೀತಿದೆಯಾ, ನಿಂತಿದೆಯಾ?’ ಎಂದು ಕೇಳುತ್ತಿದ್ದಿರಿ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ‘ಅಪ್ಪಾ, ಸ್ವಲ್ಪ ಸುಮ್ನಿರಿ, ತಿರುವು ಬರ್ತಿದೆ’ ಎಂದು ಗದರುತ್ತಿದ್ದೆ. ಹನ್ನೊಂದು ವರ್ಷದವಳು ಅಪ್ಪನನ್ನು ಗದರುವ ಮನೆ ನಮ್ಮದು, ಅದಕ್ಕೂ ನೀವೇ ಕಾರಣ.

ಪ್ರಶ್ನೆ ಕೇಳುವುದು ನಿಮಗೆ ಉಸಿರಾಟದ ಹಾಗೆ. ಬಸ್ಸಿನಲ್ಲಿ ಪಕ್ಕ ಕೂತವರ ಚೀಲದಲ್ಲಿ ಏನಿದೆ ಎಂದು ಕೇಳುತ್ತಿದ್ದಿರಿ. ಚಪ್ಪಲಿ ಹೊಲಿಯುವವರ ಹತ್ತಿರ ನಿಂತು ಆ ಮೇಣ ಯಾವುದು ಎಂದು ಕೇಳುತ್ತಿದ್ದಿರಿ. ‘ನಿಮ್ಮಪ್ಪ ದಾರೀಲಿ ಕಂಬ ಸಿಕ್ಕಿದ್ರೂ ಕ್ಷೇಮ ವಿಚಾರಿಸ್ತಾರೆ’ ಎಂದು ಅಮ್ಮ ತಮಾಷೆ ಮಾಡಿದ್ದು ಎಷ್ಟು ಸಲವೋ. ಆದರೆ ನಿಮ್ಮನ್ನೇ ಯಾರಾದರೂ ಏನಾದರೂ ಕೇಳಿದರೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದಿರಿ. ಔಷಧಿ ಅಂಗಡಿಯ ಬೋರ್ಡ್ ಬರೆದಾಗ ಅದರ ಹಿಂಬದಿಗೂ ನೀವು ಬಣ್ಣ ಬಳಿದು, ಅಂಚಿಗೆ ಗೆರೆ ಎಳೆಯುತ್ತಿದ್ದಿರಿ. ಅಂಗಡಿಯವರು ನಕ್ಕು, ‘ಅದು ಗೋಡೆಗೆ ಅಂಟಿ ಕೂರತ್ತೆ ಸ್ವಾಮಿ, ಹಿಂದೆ ಯಾರು ನೋಡ್ತಾರೆ?’ ಎಂದರು. ನೀವು ಕೈ ನಡುಗದಂತೆ ಊರಿಕೊಂಡಿದ್ದ ಕೋಲನ್ನು ಸರಿಸದೆ, ‘ಯಾರಾದ್ರೂ ನೋಡಿಬಿಟ್ರೆ?’ ಎಂದಿರಿ. ಏಣಿ ಹಿಡಿದು ನಿಂತಿದ್ದ ನನಗೆ ಕಾಲು ನೋಯುತ್ತಿತ್ತು, ಬೇಗ ಮುಗಿದರೆ ಸಾಕು ಎಂದಷ್ಟೇ ಅನ್ನಿಸಿತ್ತು.

ಆ ಆಟದ ನಾಲ್ಕನೇ ದಾರಿ ನಿಮಗೆ ನೆನಪಿರಬೇಕು. ಸಮುದ್ರದ ಪಕ್ಕದ ಗುಡ್ಡ, ಒಂದು ಸುರಂಗ, ಸುರಂಗ ದಾಟಿದ ಕೂಡಲೇ ಎಡಕ್ಕೆ ದೊಡ್ಡ ತಿರುವು. ಆ ತಿರುವಿನಲ್ಲಿ ಗುಡ್ಡದ ಇಳಿಜಾರಿಗೆ ಒಂದು ಪುಟ್ಟ ಮನೆ, ಅದಕ್ಕೊಂದು ಹಳದಿ ಕಿಟಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಿತ್ತು. ಪ್ರತಿ ಸುತ್ತಿನಲ್ಲೂ ನಿಮ್ಮದು ಒಂದೇ ಪ್ರಶ್ನೆ: ‘ಆ ಮನೇಲಿ ಯಾರಿದ್ದಾರೆ ಪುಟ್ಟಿ?’ ಯಾರೂ ಇಲ್ಲ, ಅದು ಬರೀ ಆಟ ಎಂದರೆ ಒಪ್ಪುತ್ತಿರಲಿಲ್ಲ. ‘ದೀಪ ಹಚ್ಚಿದಾರೆ ಅಂದ್ಮೇಲೆ ಯಾರೋ ಇದ್ದಾರೆ. ಖಾಲಿ ಮನೆಗೆ ದೀಪ ಯಾರು ಬರೀತಾರೆ? ಒಂದು ಸಲ ನಿಲ್ಲಿಸು, ನೋಡೋಣ.’

ನಿಲ್ಲಿಸಿದರೆ ಸೋಲುತ್ತಿದ್ದೆ. ಆ ದಾರಿಯಲ್ಲಿ ನಾನು ಇನ್ನೂ ಒಂದು ಸಲವೂ ಗೆದ್ದಿರಲಿಲ್ಲ. ಒಂದು ಸಂಜೆ, ಕೊನೆಯ ಸುತ್ತು, ಬಾತುಕೋಳಿ ನನ್ನ ಬೆನ್ನಿಗೇ ಇತ್ತು. ನೀವು ಮತ್ತೆ ಕೇಳಿದಿರಿ. ನಾನು ತಿರುಗದೆಯೇ ಹೇಳಿದೆ: ‘ನಿನ್ನೆ ನಿಲ್ಲಿಸಿ ನೋಡಿದೀನಿ ಅಪ್ಪ. ಒಳಗೆ ಯಾರೂ ಇಲ್ಲ. ಬರೀ ಹಳದಿ ಬಣ್ಣ ಬಳಿದಿದಾರೆ, ಅಷ್ಟೇ.’ ನೀವು ‘ನಿಲ್ಲಿಸಿ ನೋಡಿದ್ಯಾ?’ ಎಂದಿರಿ. ‘ಹೂಂ’ ಎಂದೆ. ಆ ರೇಸ್ ಗೆದ್ದೆ. ಟೀವಿ ತುಂಬ ಚಿನ್ನದ ಕಪ್ ಹೊಳೆಯುತ್ತಿರುವಾಗ ನಿಮಗೆ ತೋರಿಸಲು ತಿರುಗಿದರೆ, ನೀವು ತಲೆ ಬಗ್ಗಿಸಿಕೊಂಡು ಬ್ರಷ್ಷಿನ ಕೂದಲು ನೇರ ಮಾಡುತ್ತಿದ್ದಿರಿ. ಆಮೇಲೆ ಆ ಕಿಟಕಿಯ ಬಗ್ಗೆ ನೀವು ಕೇಳಲೇ ಇಲ್ಲ. ಮಗಳು ನೋಡಿ ಹೇಳಿದ ಮೇಲೆ ಮುಗಿಯಿತು ಎಂದುಕೊಂಡಿರಿ. ನಾನು ನೋಡಿರಲಿಲ್ಲ ಅಪ್ಪ. ಒಂದು ಸಲವೂ ನಿಲ್ಲಿಸಿರಲಿಲ್ಲ.

ಇಷ್ಟು ವರ್ಷ ಇದು ನನ್ನನ್ನು ಕಾಡಿತು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪೂರ್ತಿ ಮರೆತಿದ್ದೆ. ನೆನಪಾದದ್ದು ಹೋದ ತಿಂಗಳು ಮನೆಗೆ ಬಂದಾಗ. ನಿಮ್ಮ ದೃಷ್ಟಿ ಪೂರ್ತಿ ಹೋಗಿ ಒಂದೂವರೆ ವರ್ಷವಾಯಿತು. ಅದನ್ನು ನೀವು ತಡೆದುಕೊಂಡಿರಿ. ಗೋಡೆ ಹಿಡಿದು ಹೆಜ್ಜೆ ಎಣಿಸಿ ನಡೆಯುವುದನ್ನು ಕಲಿತಿರಿ, ಗಡ್ಡ ನೀವೇ ಮಾಡಿಕೊಳ್ಳುತ್ತೀರಿ. ಆದರೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಹೇಳಿದ್ದು ಬೇರೆ. ‘ನಿಮ್ಮಪ್ಪ ಈಗ ಏನೂ ಕೇಳಲ್ಲ ಕಣೆ. ಬಾಗಿಲು ತಟ್ಟಿದ್ರೆ ಯಾರು ಅಂತ ಕೇಳಲ್ಲ. ತಟ್ಟೇಲಿ ಏನಿದೆ ಅಂತಾನೂ ಕೇಳಲ್ಲ, ಇಟ್ಟಿದ್ದು ತಿಂತಾರೆ.’ ಅಮ್ಮ ಅಳಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದಳು, ಕೈ ಒಣಗಿದ ಮೇಲೂ.

ನಾನು ನಂಬಲಿಲ್ಲ. ಅದಕ್ಕೇ ಆ ಡಬ್ಬಿಯ ನಾಟಕ ಮಾಡಿದೆ. ಒಂದು ತಗಡಿನ ಡಬ್ಬಿಯನ್ನು ಗಲಗಲ ಎನ್ನಿಸುತ್ತಾ ತಂದು ನಿಮ್ಮ ತೊಡೆಯ ಮೇಲಿಟ್ಟೆ. ನೀವು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರಿ. ಒಮ್ಮೆ ಮೆಲ್ಲಗೆ ಅಲುಗಿತು, ಒಳಗೆ ಸದ್ದಾಯಿತು. ನಾನು ಕಾದೆ. ನೀವು ಅದನ್ನು ಪಕ್ಕದ ಮೇಜಿನ ಮೇಲೆ, ಬಿದ್ದುಹೋಗದ ಹಾಗೆ ಗೋಡೆಗೆ ಒತ್ತಿ ಇಟ್ಟಿರಿ. ಏನಿದು ಎಂದು ಕೇಳಲಿಲ್ಲ. ಅದರಲ್ಲಿ ಇದ್ದದ್ದು ಅಂಗಿಯ ಗುಂಡಿಗಳು, ಎರಡು ಗೋಲಿ, ಒಂದು ಹಳೆಯ ಬೀಗದ ಕೈ. ನಿಮ್ಮ ಬಾಯಿಂದ ಒಂದು ಪ್ರಶ್ನೆ ಬರಲಿ ಎಂದೇ ತುಂಬಿಸಿದ್ದು. ಅವತ್ತು ವಾಪಸ್ಸು ಬರುವಾಗ ಬಸ್ಸಿನಲ್ಲಿ, ನಿಮ್ಮ ಪ್ರಶ್ನೆಗೆ ಮೊದಲು ಬೀಗ ಹಾಕಿದವಳು ನಾನೇ ಎಂಬುದು ತಟ್ಟನೆ ನೆನಪಾಯಿತು. ನನಗೆ ತುಂಬಾ ಭಯವಾಯಿತು ಅಪ್ಪ.

ಡ್ರೈವಿಂಗ್ ಸ್ಕೂಲಿನಲ್ಲಿ ನನ್ನ ಹತ್ತಿರ ಕಲಿತ ಒಬ್ಬಳಿದ್ದಾಳೆ, ಹಳೆಯ ವಿಡಿಯೋ ಗೇಮುಗಳನ್ನು ರಿಪೇರಿ ಮಾಡುವವಳು. ಬಿಳಿ ಗೆರೆಯಲ್ಲಿ ನಿಲ್ಲಿಸದೆ ಮೂರು ಸಲ ಟೆಸ್ಟಿನಲ್ಲಿ ಫೇಲಾದವಳು. ‘ಆತುರಗಾರನಿಗೆ ಬುದ್ಧಿ ಮಟ್ಟ, ಬ್ರೇಕ್ ಒತ್ತಮ್ಮಾ’ ಎಂದು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿತ್ತು. ಅವಳಿಗೆ ಆಟದ ಗುರುತು ಹೇಳಿದೆ. ಎರಡೇ ವಾರದಲ್ಲಿ ಹುಡುಕಿ, ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಹಳೆಯ ಟೀವಿಗೆ ಜೋಡಿಸಿಕೊಟ್ಟಳು. ಅದೇ ಬೂದು ಡಬ್ಬ, ಅದೇ ಸಂಗೀತ. ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಮುಳ್ಳುಹಂದಿಯನ್ನು ಆರಿಸಿತು.

ಬೇರೆ ಯಾರೂ ಇಲ್ಲದೆ ಒಬ್ಬಳೇ ಓಡಿಸುವ ವ್ಯವಸ್ಥೆಯೂ ಆ ಆಟದಲ್ಲಿದೆ. ಆಗ ನನಗೆ ಅದು ಬೇಕಾಗಿರಲಿಲ್ಲ, ಸೋಲಿಸಲು ಯಾರೂ ಇಲ್ಲದಿದ್ದರೆ ಏನು ಮಜಾ. ಈಗ ಅದನ್ನೇ ಆರಿಸಿ ಸುರಂಗ ದಾಟಿ, ತಿರುವಿನಲ್ಲಿ ನಿಲ್ಲಿಸಿದೆ. ಕಿಟಕಿ ಇತ್ತು. ಆದರೆ ಬೇಲಿಯ ಆಚೆ, ದೂರದಲ್ಲಿ, ಬರೀ ಒಂದು ಹಳದಿ ಚುಕ್ಕೆ. ಬೇಲಿ ಹಾರಿಸಿದರೆ ಮೇಲಿಂದ ಒಂದು ಕೊಕ್ಕರೆ ಬಂದು, ಕಾರನ್ನು ಕೊಕ್ಕಿನಲ್ಲಿ ಕಚ್ಚಿ ಎತ್ತಿ, ಮತ್ತೆ ರಸ್ತೆಗೇ ತಂದು ಇಡುತ್ತಿತ್ತು. ಹನ್ನೊಂದು ಸಲ ಎತ್ತಿ ತಂದಿತು. ನಾನೂ ನಿಮ್ಮ ಮಗಳೇ, ಹಿಡಿದ ಹಠ ಬಿಡಲಿಲ್ಲ. ಕೊನೆಗೆ ಕಾರನ್ನು ಉಲ್ಟಾ ತಿರುಗಿಸಿ ಸುರಂಗದ ಬಾಯಿಗೆ ವಾಪಸ್ಸು ಬಂದೆ. ‘ಇದು ತಪ್ಪು ದಿಕ್ಕು’ ಎಂದು ಒಂದು ಗೂಬೆ ಕೆಂಪು ಬಾವುಟ ಬೀಸುತ್ತಲೇ ಇತ್ತು. ಅಲ್ಲಿ ಬೇಲಿಗೂ ಬಂಡೆಗೂ ನಡುವೆ ಒಂದು ಕಾರಿನಷ್ಟೇ ಅಗಲದ ಹುಲ್ಲಿನ ದಾರಿ. ಹುಲ್ಲಿನ ಮೇಲೆ ಕಾರು ತೆವಳುತ್ತದೆ, ಆಟದ ನಿಯಮ ಅದು. ತೆವಳಿಕೊಂಡೇ ಗುಡ್ಡ ಹತ್ತಿದೆ. ಕೊಕ್ಕರೆ ಬರಲಿಲ್ಲ. ‘ಮೇಡಂ, ಬ್ರೇಕ್’ ಎಂದಳು ಪಕ್ಕದಲ್ಲಿ ಕೂತಿದ್ದ ನನ್ನ ಶಿಷ್ಯೆ. ಒತ್ತಿದೆ.

ಅಪ್ಪ, ಆ ಮನೆಯಲ್ಲಿ ಒಂದು ಮುದಿ ಕರಡಿ ಇದೆ.

ಕಿಟಕಿಯ ಪಕ್ಕದ ಮೇಜಿಗೆ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದೆ. ಆ ಕಾಲದ ಚಿತ್ರ, ಎಲ್ಲವೂ ಚುಕ್ಕೆ ಚುಕ್ಕೆ. ಕರಡಿಯ ಕಣ್ಣಿಗೆ ಎರಡೇ ಚುಕ್ಕೆ, ಸಿಪ್ಪೆಗೆ ನಾಲ್ಕು. ಆದರೂ ಆ ನಾಲ್ಕು ಚುಕ್ಕೆ ಮುರಿಯದೆ, ಉದ್ದಕ್ಕೆ ಇಳಿದು, ಕೆಳಗಿನ ಬುಟ್ಟಿಗೆ ಬೀಳುತ್ತವೆ. ಒಲೆಯ ಮೇಲೆ ಪಾತ್ರೆ, ಅದರಿಂದ ಹಬೆ. ಹಳದಿ ಎಂದರೆ ಯಾವ ಹಳದಿ ಎಂದು ಮೊದಲಾದರೆ ಕೇಳುತ್ತಿದ್ದಿರಿ. ಅಂಗಡಿ ಬೋರ್ಡಿನ ಗದರುವ ಹಳದಿ ಅಲ್ಲ. ನಿಮ್ಮ ಡಬ್ಬಿಯ ತಳದಲ್ಲಿ ಸ್ವಲ್ಪ ಬಿಳಿ ಸೇರಿಕೊಂಡು ಉಳಿಯುತ್ತಿತ್ತಲ್ಲ, ಅಮ್ಮನ ಮಸಾಲೆ ಡಬ್ಬಗಳಿಗೆ ಬಳಿದಿರಲ್ಲ, ಆ ಹಳದಿ.

ನಾನು ಜಾಯ್‌ಸ್ಟಿಕ್ ಕೆಳಗಿಟ್ಟು ಸುಮ್ಮನೆ ನೋಡುತ್ತಾ ಕೂತೆ. ಸುಮಾರು ಒಂದು ನಿಮಿಷವಾಗಿರಬೇಕು. ಕರಡಿ ಚಾಕುವನ್ನು ಮೇಜಿನ ಮೇಲಿಟ್ಟಿತು. ತಲೆ ಎತ್ತಿತು. ಕಿಟಕಿಯಾಚೆ ನಿಂತಿದ್ದ ನನ್ನ ಕಾರನ್ನು ನೋಡಿ, ಕೈ ಎತ್ತಿತು, ಬಾಗಿಲ ಮುಂದೆ ಹಾದುಹೋಗುವ ಪರಿಚಯದವರಿಗೆ ನಾವು ಎತ್ತುತ್ತೇವಲ್ಲ, ಹಾಗೆ. ಆಮೇಲೆ ಮತ್ತೆ ಚಾಕು ತೆಗೆದುಕೊಂಡಿತು.

ನನ್ನ ಶಿಷ್ಯೆ ಕುರ್ಚಿ ಎಳೆದುಕೊಂಡು ಟೀವಿಯ ಹತ್ತಿರಕ್ಕೆ ಬಂದಳು. ಆಮೇಲೆ, ‘ಇಂಥ ಡಬ್ಬಾನ ನೂರು ಸಲ ಬಿಚ್ಚಿ ಜೋಡಿಸಿದೀನಿ ಮೇಡಂ. ಇದು ನಂಗೂ ಗೊತ್ತಿರ್ಲಿಲ್ಲ’ ಎಂದಳು. ಇಪ್ಪತ್ತಾರು ವರ್ಷ. ನಾನು ಆ ತಿರುವನ್ನು ಸಾವಿರ ಸಲ ದಾಟಿದ್ದೇನೆ, ಆ ಸಾವಿರ ಸಲವೂ ಕರಡಿ ಅಲ್ಲಿ ಕೂತಿತ್ತು, ನಿಂತವರಿಗೆ ತೋರಿಸಲು ಒಂದು ಕೈ ಇಟ್ಟುಕೊಂಡು. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಅದನ್ನು ಚುಕ್ಕೆ ಚುಕ್ಕೆಯಾಗಿ ಬರೆದಿದ್ದಾರೆ. ಪಕ್ಕದವರು ನಕ್ಕಿರುತ್ತಾರೆ, ಇದು ರೇಸ್ ಕಣಯ್ಯಾ, ನಿಲ್ಲುವವರು ಯಾರು ಎಂದು ಕೇಳಿರುತ್ತಾರೆ. ಯಾರಾದ್ರೂ ನೋಡಿಬಿಟ್ರೆ ಎಂದು ಅವರೂ ಹೇಳಿರಬೇಕು. ನೀವು ಸ್ಟೂಲಿನ ಮೇಲೆ ಕೂತು, ಅರ್ಧ ಕ್ಷಣದ ಹಳದಿ ಕಂಡು, ಆ ಕೆಲಸಗಾರನನ್ನು ಗುರುತು ಹಿಡಿದಿದ್ದಿರಿ. ನಿಮ್ಮಷ್ಟು ಚೆನ್ನಾಗಿ ನೋಡಿದವರನ್ನು ನಾನು ಕಂಡಿಲ್ಲ ಅಪ್ಪ. ಕಣ್ಣು ಹೋದದ್ದಕ್ಕೆ ನಾನು ಏನೂ ಮಾಡಲಾರೆ. ಆದರೆ ನಾನು ಹೇಳಿದ ಸುಳ್ಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನೊಂದು ವಿಷಯ ಇದೆ. ನಾವು ನೋಡುತ್ತಿದ್ದಂತೆ ಕರಡಿ ಮತ್ತೊಮ್ಮೆ ಕೈ ಎತ್ತಿ, ಕತ್ತು ತಿರುಗಿಸಿ ಒಳಕೋಣೆಯ ಕಡೆ ನೋಡಿತು, ಯಾರನ್ನೋ ಕರೆಯುವ ಹಾಗೆ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಕಾರನ್ನು ಒಂದು ಗೇಣು ಎಡಕ್ಕೆ ಸರಿಸಿದೆ. ಬಾಗಿಲ ಸಂದಿನಿಂದ ಒಳಗೆ ಪೂರ್ತಿ ಕಂಡಿತು.

ಅಲ್ಲಿ ಏನಿತ್ತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅಮ್ಮಾ, ಪುಟ ತಿರುಗಿಸಿ ನೋಡಬೇಡ, ಹಿಂದೆಯೂ ಬರೆದಿಲ್ಲ. ನಿನಗೂ ಹೇಳುವುದಿಲ್ಲ. ನನ್ನ ಶಿಷ್ಯೆಯ ಬಾಯಿಗೂ ಬೀಗ ಹಾಕಿದ್ದೇನೆ. ಅಪ್ಪ, ಪ್ರತಿದಿನ ಸಂಜೆ ಆರು ಗಂಟೆಗೆ ನನ್ನ ಕೊನೆಯ ಪಾಠ ಮುಗಿಯುತ್ತದೆ. ಗಾಡಿ ನಿಲ್ಲಿಸಿ, ಫೋನ್ ಕೈಯಲ್ಲಿ ಹಿಡಿದು ಕೂತಿರುತ್ತೇನೆ. ನಾನಾಗಿ ಮಾಡುವುದಿಲ್ಲ. ನೀವು ಮಾಡಿ. ಉದ್ದಕ್ಕೆ ಮಾತಾಡಬೇಕಿಲ್ಲ, ‘ಏನಿತ್ತು?’ ಎಂದರೆ ಸಾಕು.

ಇಬ್ಬರೂ ಆರೋಗ್ಯವಾಗಿರಿ. ನೀವು ಯಾವತ್ತು ಕೇಳಿದರೂ ಸರಿ, ಈ ಸಲ ನಾನು ನಿಲ್ಲಿಸಿ ನೋಡಿದ್ದೇನೆ.

ನಿಮ್ಮ ಮಗಳು,
ಮುಳ್ಳುಹಂದಿ