ಊಟ ಕೇಳುವವನ ಮಾತು

ಹಾಸನ
೨೦ ಫೆಬ್ರವರಿ ೨೦೨೫

ಪ್ರೀತಿಯ ಯಶು,

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಬೆಲ್ಲ ತಲುಪಿತೆಂದು ಈಗ ತಿಳಿಸುತ್ತಿದ್ದೇನೆ, ಬೇಸರಿಸಬೇಡ. ಮೊಬೈಲಿನಲ್ಲಿ ಬರೆದರೆ ನೀನು ಹೆಬ್ಬೆರಳಿನ ಚಿತ್ರ ಹಾಕಿ ಮುಗಿಸುತ್ತೀಯ. ಅದಕ್ಕೇ ಈ ಕಾಗದ.

ಅಮ್ಮ ಬಿಪಿ ಮಾತ್ರೆ ಬಿಟ್ಟಿದ್ದಳಂತೆ. ಈ ತಿಂಗಳ ಮೊದಲಲ್ಲಿ ಹಿತ್ತಲಲ್ಲಿ ತಲೆ ಸುತ್ತಿ ಕುಸಿದ ಮೇಲೆ ಗೊತ್ತಾಯಿತು. ತಮ್ಮ ಅಮರ ಚನ್ನರಾಯಪಟ್ಟಣದ ಡಾಕ್ಟರಿಗೆ ತೋರಿಸಿದ್ದಾನೆ, ಈಗ ಪರವಾಗಿಲ್ಲ. ಆಮೇಲೂ ಮಾತ್ರೆ ಮುಟ್ಟಲಿಲ್ಲ. ಮಾತ್ರೆಯೇ ವಿಷ, ಕಷಾಯ ಸಾಕು ಎಂದು ಯಾವನೋ ವಿಡಿಯೋದಲ್ಲಿ ಹೇಳಿದ್ದನಂತೆ.

ಸರಿಯಾದ ಮಾಹಿತಿ ಹುಡುಕಿ ಮನೆಯವರ ಗ್ರೂಪಿಗೆ ಲಿಂಕ್ ಹಾಕಿದೆ. ಯಾರೂ ತೆರೆದ ಹಾಗಿಲ್ಲ. ಕೊನೆಗೆ ಭಾನುವಾರ ಬಾಗೂರಿಗೆ, ಅಮ್ಮನ ಹತ್ತಿರವೇ ಹೋದೆ.

“ಅಣೆ ತುಂಬ ಇಬೂತಿ ಇಕ್ಕಂಡವ್ನೆ, ಅವ್ನು ಸುಳ್ಳೇಳ್ತಾನೇನೆ?” ಎಂದಳು ಅಮ್ಮ.

“ವಿಭೂತಿ ಯಾರು ಬೇಕಾದ್ರೂ ಇಟ್ಕೋಬಹುದಲ್ಲಮ್ಮ.”

“ಬಿಳೀ ಕೋಟ್ನೂ ಯಾರ್ ಬೇಕಾದ್ರೂ ಆಕ್ಕಬೋದು.”

ಅಮರ ನಕ್ಕ. “ನಿನ್ ಪಾಠ ಇಸ್ಕೂಲಲ್ಲಿ ನಡೀತದೆ ಅಕ್ಕ, ಇಲ್ಲಿ ನಡಿಯಕಿಲ್ಲ ಕಣ.”

ನನಗೆ ನಗು ಬರಲಿಲ್ಲ. ನಾನಾದರೂ ಆ ಲಿಂಕನ್ನು ಏಕೆ ನಂಬಿದೆ? ಒಳ್ಳೆಯ ಇಂಗ್ಲಿಷಿನಲ್ಲಿತ್ತು, ದೊಡ್ಡ ಆಸ್ಪತ್ರೆಯ ಹೆಸರಿತ್ತು. ಪೂರ್ತಿ ಓದಿರಲಿಲ್ಲ.

ವಿಡಿಯೋ ತೋರಿಸು ಎಂದೆ. ಅವನು ಶುರುವಿನಲ್ಲೇ “ಊಟ ಆಯ್ತೇನವ್ವಾ?” ಎಂದು ಕೇಳಿ ಸ್ವಲ್ಪ ಸುಮ್ಮನಾಗುತ್ತಾನೆ. ಅಷ್ಟರಲ್ಲಿ ಅಮ್ಮ, ನನ್ನೆದುರೇ, “ಆಯ್ತು ಕಣಪ್ಪ, ಮುದ್ದೆ ಉಪ್ಸಾರು” ಎಂದು ಮೊಬೈಲಿಗೆ ಹೇಳಿದಳು. ಆಮೇಲೆ ನನ್ನತ್ತ ತಿರುಗಿ, “ನೀನು ಅದೇನೋ ಕಳುಸ್ತೀಯ. ಅವ್ನು ಕೇಳ್ತಾನೆ” ಎಂದಳು.

ಬಸ್ಸಿಗೆ ಹೊರಡುವಾಗ ಮಾತ್ರೆಯ ಮಾತು ಮತ್ತೆ ಎತ್ತಿದೆ.

“ದಿನಾ ಫೋನ್ ಮಾಡ್ತೀಯಾ? ಮಾಡುದ್ರೆ ನುಂಗ್ತೀನಿ ಬುಡು.”

ಮಾಡುತ್ತಿದ್ದೇನೆ. ನುಂಗುತ್ತಿದ್ದಾಳೆ ಎಂದು ಅಮರ ಹೇಳುತ್ತಾನೆ. ನಾನು ಒಂದು ದಿನ ತಪ್ಪಿಸಿದರೆ ಏನಾಗುವುದೋ ಎಂಬ ಹೆದರಿಕೆ ಮಾತ್ರ ಹೋಗಿಲ್ಲ. ನೀನೂ ಮಾಡು ಯಶು. ಮೊದಲು ಊಟ ವಿಚಾರಿಸು, ಏನು ಅಡುಗೆ ಎಂದು ಕೇಳು; ಮಾತ್ರೆಯ ವಿಷಯ ಆಮೇಲೆ.

ಬಿಸಿಲು ಏರುತ್ತಿದೆ, ನೀರು ಕುಡಿಯುವುದು ಮರೆಯಬೇಡ. ಮಕ್ಕಳು ಚೆನ್ನಾಗಿ ಓದಿಕೊಳ್ಳಲಿ. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಮಾನಸಾ

ಮತ್ತೊಂದು ಮಾತು: ಆ ವಿಭೂತಿಯವನ ವಿಡಿಯೋಗಳನ್ನು ಈಗ ನಾನೂ ಹಾಕಿಕೊಳ್ಳುತ್ತೇನೆ. ಸ್ಕೂಲಿನಿಂದ ಬಂದು, ಬೀಗ ತೆಗೆದು, ಅನ್ನಕ್ಕಿಟ್ಟು, ತಟ್ಟೆಯ ಮುಂದೆ ಕೂತಾಗ. ಔಷಧದ ಮಾತು ಬರುವ ಮೊದಲೇ ನಿಲ್ಲಿಸಿಬಿಡುತ್ತೇನೆ. ಊಟ ಆಯ್ತಾ ಎಂದು ಅವನು ಕೇಳಿದಾಗ, “ಈಗ ಕೂತೆ” ಎನ್ನುತ್ತೇನೆ.